ಗಣಿಗೆ, ಕ್ವಾರಿಗೆ ಯಾವ ಸುರಂಗ? ದಾರಿ, ಯಂತ್ರ, ಆಸರೆ ಆರಿಸುವ ಮುಂಚೆ

ರೈಲಿಗೋ ರಸ್ತೆಗೋ ಕೊರೆಯುವ ಸುರಂಗವನ್ನು ನೂರು ವರ್ಷ ಬಾಳಲಿ ಅಂತ ಕಟ್ಟುತ್ತಾರೆ. ಗಣಿಯಲ್ಲಿ ಹಾಗಿಲ್ಲ. ಆರು ತಿಂಗಳು ನಿಂತರೆ ಸಾಕು ಅನ್ನುವ ಸುರಂಗವೂ, ಮೂವತ್ತು ವರ್ಷ ನಿಲ್ಲಲೇಬೇಕಾದ ಸುರಂಗವೂ ಒಂದೇ ಗಣಿಯೊಳಗೆ ಇರುತ್ತವೆ. ಎರಡಕ್ಕೂ ಒಂದೇ ಅಳತೆ, ಬಂಡೆಯನ್ನು ಬಿಗಿದು ಹಿಡಿಯಲು ಒಂದೇ ಬೋಲ್ಟು, ಒಂದೇ ಯಂತ್ರ ಅಂತ ಹೊರಟರೆ ಒಂದು ಕಡೆ ದುಡ್ಡು ಸುಮ್ನೆ ಹೋಗುತ್ತದೆ. ಇನ್ನೊಂದು ಕಡೆ ಜೀವ ಹೋಗುತ್ತದೆ.

ಅದಕ್ಕೇ ಈ ಹೋಲಿಕೆಯನ್ನು ಯಂತ್ರದಿಂದ ಶುರು ಮಾಡುತ್ತಿಲ್ಲ, ಎರಡು ಪ್ರಶ್ನೆಗಳಿಂದ ಶುರು ಮಾಡುತ್ತಿದ್ದೇನೆ. ಈ ಸುರಂಗ ಎಷ್ಟು ವರ್ಷ ಇರಬೇಕು? ಇದರೊಳಗೆ ಏನೇನು ಓಡಾಡಬೇಕು? ಓಡಾಡುವುದು ಅಂದರೆ ಲಾರಿ, ಬೆಲ್ಟು, ಜನ ಮಾತ್ರ ಅಲ್ಲ. ಗಾಳಿ, ನೀರು, ಕರೆಂಟಿನ ಕೇಬಲ್ ಕೂಡ. ಈ ಎರಡು ಉತ್ತರ ಕೈಯಲ್ಲಿದ್ದರೆ ಮುಂದಿನ ಮುಕ್ಕಾಲು ಪಾಲು ಆಯ್ಕೆ ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಬಂಡೆ

ಗಣಿಯವರಿಗೆ ಒಂದು ಅನುಕೂಲ ಇದೆ. ಅದಿರು ಹುಡುಕುವಾಗಲೇ ನೂರಾರು ಮೀಟರ್ ಕೋರ್, ಅಂದರೆ ನೆಲ ಕೊರೆದು ಹೊರತೆಗೆದ ಕೋಲಿನಂಥ ಬಂಡೆ, ತೆಗೆದಿಟ್ಟಿರುತ್ತಾರೆ. ಆದರೆ ಆ ಕೋರ್ ಎಲ್ಲಾ ಅದಿರಿನ ಸುತ್ತಮುತ್ತಲಿನದು. ಸುರಂಗ ಹಾದುಹೋಗುವ ದಾರಿಯದಲ್ಲ. ಇನ್ನೊಂದು ತೊಂದರೆಯೂ ಇದೆ. ಅದಿರಿನ ಪ್ರಮಾಣ ಪರೀಕ್ಷಿಸಲು ಕೋರನ್ನು ಉದ್ದಕ್ಕೆ ಸೀಳುತ್ತಾರೆ. ಸೀಳಿದ ಮೇಲೆ ಬಂಡೆಯಲ್ಲಿ ಮೊದಲಿಂದ ಇದ್ದ ಬಿರುಕು ಯಾವುದು, ನಾವು ಮಾಡಿದ ಬಿರುಕು ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಪೆಟ್ಟಿಗೆಗೆ ಬಂದ ದಿನವೇ ಬಿರುಕು ಎಣಿಸಿ, ಫೋಟೋ ತೆಗೆದು, ಆಮೇಲೆ ಗರಗಸಕ್ಕೆ ಕೊಡಿ. ಇದಕ್ಕೆ ಖರ್ಚು ಅನ್ನುವಷ್ಟು ಖರ್ಚೇ ಇಲ್ಲ.

ಎಣಿಸುವ ಸುಲಭ ಅಳತೆ ಆರ್‌ಕ್ಯೂಡಿ. ಒಂದು ಮೀಟರ್ ಕೋರಿನಲ್ಲಿ 10 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ತುಂಡುಗಳನ್ನು ಕೂಡಿಸಿ. ಒಟ್ಟು 70 ಸೆಂ.ಮೀ. ಬಂದರೆ ಆರ್‌ಕ್ಯೂಡಿ 70. ಇದೊಂದೇ ಸಾಲದು. ಬಿರುಕಿನ ಮೈ ಒರಟೋ ನುಣುಪೋ, ಒಳಗೆ ಜೇಡಿ ಇದೆಯೋ, ನೀರು ಒಸರುತ್ತದೋ ಅನ್ನುವುದೂ ಬೇಕು. ಇವನ್ನೆಲ್ಲ ಸೇರಿಸಿ ಬಂಡೆಗೆ ಅಂಕ ಕೊಡುವ ಎರಡು ಪದ್ಧತಿ ಜಗತ್ತಿನಾದ್ಯಂತ ಚಾಲ್ತಿಯಲ್ಲಿವೆ. 1973ರಲ್ಲಿ ಬೀನಿಯಾವ್‌ಸ್ಕಿ ಕೊಟ್ಟ ಆರ್‌ಎಂಆರ್ ಒಂದು. 1974ರಲ್ಲಿ ನಾರ್ವೆಯ ಬಾರ್ಟನ್, ಲೀನ್, ಲುಂಡೆ ಕೊಟ್ಟ ಕ್ಯೂ ಪದ್ಧತಿ ಇನ್ನೊಂದು. ಆರ್‌ಎಂಆರ್ ಕಲಿಯುವುದು ಸುಲಭ, ನೂರಕ್ಕೆ ಇಷ್ಟು ಅಂತ ಅಂಕ ಬರುತ್ತದೆ. ಕ್ಯೂ ಸ್ವಲ್ಪ ಕಷ್ಟ. ಆದರೆ ಬಂಡೆಯೊಳಗಿನ ಒತ್ತಡವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಳದ ಗಣಿಗೆ ನಾನು ಎರಡನ್ನೂ ಮಾಡಿಸುತ್ತೇನೆ. ಎರಡರ ಉತ್ತರ ದೂರ ದೂರ ಬಂದರೆ ಎಲ್ಲೋ ಬಂಡೆಯನ್ನು ತಪ್ಪಾಗಿ ಓದಿದ್ದೇವೆ ಅಂತ ಅರ್ಥ.

ಸುರಂಗದ ಬಾಯಿಯ ಜಾಗದಲ್ಲಂತೂ ಅವಸರ ಬೇಡವೇ ಬೇಡ. ಅಲ್ಲಿ ಮೇಲಿನ ಬಂಡೆ ಕೊಳೆತಿರುತ್ತದೆ, ಮಣ್ಣು ಜಾಸ್ತಿ. ನಾನು ಹತ್ತಿರದಿಂದ ನೋಡಿದ ಒಂದು ಕೆಲಸದಲ್ಲಿ, ದಾರಿಗೆ ಹತ್ತಿರ ಆಗುತ್ತದೆ ಅಂತ ಹಳ್ಳದ ಪಕ್ಕದಲ್ಲೇ ಬಾಯಿ ತೆರೆದರು. ಮೊದಲ ದೊಡ್ಡ ಮಳೆಗೇ ಮೇಲಿನ ಮಣ್ಣು ಜಾರಿ ಬಾಯಿ ಮುಚ್ಚಿಕೊಂಡಿತು. ಒಳಗೆ ಯಾರೂ ಇರಲಿಲ್ಲ ಅನ್ನುವುದೇ ಸಮಾಧಾನ. ಇನ್ನೂರು ಮೀಟರ್ ಆಚೆ ಗಟ್ಟಿ ಬಂಡೆ ಮೇಲೆದ್ದು ಕಾಣುತ್ತಿತ್ತು.

ಒಳಗೆ ಹೋಗುವ ದಾರಿ: ಅಡ್ಡ ಸುರಂಗ, ಇಳಿಜಾರು, ಶಾಫ್ಟ್

ಅದಿರು ಗುಡ್ಡದೊಳಗೆ, ತಪ್ಪಲಿಗಿಂತ ಮೇಲೆ ಇದ್ದರೆ ಯೋಚನೆಯೇ ಬೇಡ. ತಪ್ಪಲಿನಿಂದ ಅಡ್ಡಕ್ಕೆ ಕೊರೆಯುವ ಸುರಂಗವೇ ಸರಿ. ಅಡಿಟ್ ಅಂತ ಕರೆಯುತ್ತಾರೆ. ಒಳಕ್ಕೆ ಹೋದ ಹಾಗೆ 200 ಮೀಟರಿಗೆ 1 ಮೀಟರಿನಷ್ಟು ಏರು ಕೊಟ್ಟರೆ ನೀರು ತಾನೇ ಹೊರಗೆ ಹರಿಯುತ್ತದೆ, ಪಂಪ್ ಬೇಡ. ತುಂಬಿದ ಗಾಡಿ ಇಳಿಮುಖವಾಗಿ ಬರುತ್ತದೆ, ಖಾಲಿ ಗಾಡಿ ಏರುತ್ತದೆ. ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಅದಿರು ಕೆಳಗಿದ್ದಾಗಲೇ ನಿಜವಾದ ಆಯ್ಕೆ ಬರುವುದು. ಇಳಿಜಾರು ಸುರಂಗವೋ, ನೆಟ್ಟಗೆ ಇಳಿಯುವ ಶಾಫ್ಟೋ?

ಇಳಿಜಾರು ಸುರಂಗಕ್ಕೆ ಗಣಿಯವರು ಡಿಕ್ಲೈನ್ ಅನ್ನುತ್ತಾರೆ. ಲಾರಿ ಓಡಬೇಕಾದರೆ ಸಾಮಾನ್ಯವಾಗಿ 7 ಮೀಟರಿಗೆ 1 ಮೀಟರ್ ಇಳಿಜಾರು ಇಡುತ್ತಾರೆ. ಇದಕ್ಕಿಂತ ಕಡಿದಾದರೆ ತುಂಬಿದ ಲಾರಿ ಏದುಸಿರು ಬಿಡುತ್ತದೆ, ಬ್ರೇಕಿಗೂ ಟೈರಿಗೂ ಆಯಸ್ಸು ಇರುವುದಿಲ್ಲ. ಈಗ ಲೆಕ್ಕ ಹಾಕಿ. 300 ಮೀಟರ್ ಆಳಕ್ಕೆ 2.1 ಕಿ.ಮೀ. ಸುರಂಗ. 1,000 ಮೀಟರ್ ಆಳಕ್ಕೆ 7 ಕಿ.ಮೀ. ಆ ಏರಿನಲ್ಲಿ ತುಂಬಿದ ಲಾರಿ ಗಂಟೆಗೆ 9 ಕಿ.ಮೀ. ಹತ್ತಿದರೆ, 300 ಮೀಟರ್ ಆಳದಿಂದ ಹೊರಗೆ ಬರಲು 14 ನಿಮಿಷ. 1,000 ಮೀಟರಿನಿಂದ ಮುಕ್ಕಾಲು ಗಂಟೆ. ಅಷ್ಟೇ ಅದಿರು ತರಲು ಲಾರಿಗಳು ಜಾಸ್ತಿ ಬೇಕು. ಲಾರಿ ಜಾಸ್ತಿಯಾದರೆ ಹೊಗೆ ಜಾಸ್ತಿ. ಹೊಗೆ ಜಾಸ್ತಿಯಾದರೆ ಗಾಳಿ ಜಾಸ್ತಿ ಊದಬೇಕು. ಆಳ ಹೆಚ್ಚಿದಂತೆ ಡಿಕ್ಲೈನ್ ಸೋಲುವುದು ಇಲ್ಲೇ.

ಆದರೂ ಡಿಕ್ಲೈನಿಗೆ ನನ್ನ ಮನಸ್ಸು ವಾಲುತ್ತದೆ, ಅದರಲ್ಲೂ ಹೊಸ ಗಣಿಗೆ. ಕೊರೆಯುತ್ತಾ ಹೋದ ಹಾಗೆ ಅದು ಕೆಲಸಕ್ಕೆ ಬರುತ್ತದೆ. ಮೇಲಿನ ಅದಿರು ಮುಟ್ಟಿದ ಕೂಡಲೇ ತೆಗೆಯಲು ಶುರು ಮಾಡಬಹುದು. ಯಂತ್ರಗಳು ತಮ್ಮ ಚಕ್ರದ ಮೇಲೆ ತಾವೇ ಒಳಗೆ ಹೋಗುತ್ತವೆ, ರಿಪೇರಿಗೆ ಹೊರಗೆ ಬರುತ್ತವೆ. ದಾರಿಯುದ್ದಕ್ಕೂ ಪಕ್ಕಕ್ಕೆ ಕೋರ್ ತೆಗೆದು ಅದಿರನ್ನು ಇನ್ನಷ್ಟು ತಿಳಿದುಕೊಳ್ಳಬಹುದು. ಅದಿರು ಅಂದುಕೊಂಡಷ್ಟು ಇಲ್ಲ ಅಂತಾದರೆ ಅಲ್ಲಿಗೇ ನಿಲ್ಲಿಸಬಹುದು. ಅರ್ಧ ಇಳಿದ ಶಾಫ್ಟಿನಿಂದ ಯಾರಿಗೂ ಉಪಯೋಗ ಇಲ್ಲ.

ಶಾಫ್ಟಿಗೆ ಮೊದಲೇ ಗೋಪುರ ಬೇಕು, ಹಗ್ಗ ಸುತ್ತುವ ವೈಂಡರ್ ಬೇಕು, ಗಟ್ಟಿ ಬಾಯಿಕಟ್ಟು ಬೇಕು. ಇಳಿಯುವ ವೇಗ ದಿನಕ್ಕೆ ಎರಡು ಮೂರು ಮೀಟರ್. ತಳ ಮುಟ್ಟುವವರೆಗೂ ಒಂದು ಟನ್ ಅದಿರು ಬರುವುದಿಲ್ಲ. ಆದರೆ ಒಮ್ಮೆ ಮುಗಿದರೆ ಟನ್ನಿಗೆ ತಗಲುವ ಖರ್ಚು ತುಂಬಾ ಕಡಿಮೆ. ಅದಿರೆತ್ತುವ ದೊಡ್ಡ ತೊಟ್ಟಿಗೆ ಸ್ಕಿಪ್ ಅನ್ನುತ್ತಾರೆ. ಒಂದು ಸ್ಕಿಪ್ ಇಳಿಯುವಾಗ ಅದರ ತೂಕವೇ ಇನ್ನೊಂದನ್ನು ಎತ್ತಲು ನೆರವಾಗುತ್ತದೆ. ವಿದ್ಯುತ್ತಿನಿಂದ ನಡೆಯುವುದರಿಂದ ಹೊಗೆ ಇಲ್ಲ. ತುಂಬಾ ಆಳಕ್ಕೆ ಬೇರೆ ದಾರಿಯೇ ಇಲ್ಲ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ ಸುಮಾರು 4 ಕಿ.ಮೀ. ಆಳದಲ್ಲಿದೆ. ಕೋಲಾರದ ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳಕ್ಕೆ ಹೋಗಿತ್ತು. ಇವೆಲ್ಲ ಶಾಫ್ಟಿನ ಗಣಿಗಳು. ಅಷ್ಟು ಆಳಕ್ಕೆ ಒಂದೇ ಎಳೆತದಲ್ಲಿ ಹೋಗುವುದಿಲ್ಲ. ಒಂದು ಶಾಫ್ಟಿನ ತಳದಿಂದ ಇನ್ನೊಂದು ಶಾಫ್ಟ್ ಇಳಿಸುತ್ತಾರೆ.

ನಡುವಿನ ದಾರಿ ಒಂದಿದೆ. ಕನ್ವೇಯರ್ ಬೆಲ್ಟಿಗೆ ಇಳಿಜಾರು ಸುರಂಗ. ಬೆಲ್ಟು ಲಾರಿಗಿಂತ ಕಡಿದಾದ ಏರು ಹತ್ತುತ್ತದೆ. 4ಕ್ಕೆ 1ರಷ್ಟು, ಅಂದರೆ 14 ಡಿಗ್ರಿ, ಇಟ್ಟರೆ ತೊಂದರೆ ಇಲ್ಲ. 18 ಡಿಗ್ರಿ ದಾಟಿದರೆ ಸಾಮಾನ್ಯ ಬೆಲ್ಟಿನ ಮೇಲೆ ಕಲ್ಲು ಹಿಂದಕ್ಕೆ ಜಾರಲು ಶುರುವಾಗುತ್ತದೆ. ಆದರೆ ಬೆಲ್ಟಿಗೆ ನೇರ ದಾರಿ ಬೇಕು, ಲಾರಿಯ ಹಾಗೆ ಸುತ್ತುತ್ತಾ ಇಳಿಯಲಾಗುವುದಿಲ್ಲ. ಕಲ್ಲನ್ನು ಒಳಗೇ ಒಡೆದು ಸಣ್ಣ ಮಾಡಬೇಕು, ಅಂದರೆ ಕ್ರಷರಿಗೆ ಒಳಗೆ ದೊಡ್ಡ ಕೋಣೆ ಕೊರೆಯಬೇಕು. ದಿನಕ್ಕೆ ಸಾವಿರಾರು ಟನ್, ಹತ್ತಾರು ವರ್ಷ ಅಂತ ಖಚಿತವಾಗಿದ್ದರೆ ಮಾತ್ರ ಇದು ಲಾಭ.

ನನ್ನ ಸಲಹೆ ಹೀಗೆ. 400-500 ಮೀಟರ್ ಒಳಗಿನ ಆಳಕ್ಕೆ ಡಿಕ್ಲೈನಿನಿಂದ ಶುರು ಮಾಡಿ. ಅದಿರು ಇನ್ನೂ ಕೆಳಗೆ ಇಳಿಯುತ್ತಿದೆ ಅಂತ ಕೋರ್ ಹೇಳಿದರೆ, ಗಣಿ ದುಡಿಯುತ್ತಿರುವಾಗಲೇ ಶಾಫ್ಟ್ ಇಳಿಸಿ. ಬಹಳ ಗಣಿಗಳು ಬೆಳೆದದ್ದು ಹೀಗೇ. ಶುರುವಿನಿಂದಲೇ ಅದಿರು ತುಂಬಾ ಆಳದಲ್ಲಿದ್ದರೆ, ಅಥವಾ ಮೇಲೆ ನೀರು ತುಂಬಿದ ಸಡಿಲ ನೆಲ ದಪ್ಪವಾಗಿದ್ದರೆ, ಶಾಫ್ಟ್ ಮೇಲು. ಕೆಟ್ಟ ನೆಲವನ್ನು ನೆಟ್ಟಗೆ ದಾಟುವುದೇ ಅತಿ ಚಿಕ್ಕ ದಾರಿ, ಅಲ್ವಾ?

ಕೊರೆಯುವ ಬಗೆ: ಮದ್ದು, ರೋಡ್‌ಹೆಡರ್, ಟಿಬಿಎಂ

ಗಣಿಯಲ್ಲಿ ಸಿಡಿಮದ್ದು ಬಳಸಿದ ಮೊದಲ ದಾಖಲೆ 1627ರದ್ದು, ಈಗಿನ ಸ್ಲೊವಾಕಿಯಾದ ಬಾನ್ಸ್ಕಾ ಶ್ಟಿಯಾವ್ನಿಟ್ಸಾದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮದ್ದು ಬದಲಾಗಿದೆ, ಕ್ರಮ ಬಹಳ ಬದಲಾಗಿಲ್ಲ. ತೂತು ಕೊರೆ, ಮದ್ದು ತುಂಬು, ಸಿಡಿಸು, ಹೊಗೆ ಹೋಗುವವರೆಗೆ ಕಾಯಿ, ಸಡಿಲ ಕಲ್ಲು ಕೆಡವು, ಒಡೆದದ್ದನ್ನು ಬಾಚು, ಬೋಲ್ಟು ಹಾಕು. ಮತ್ತೆ ಮೊದಲಿಂದ. 5 ಮೀಟರ್ ಅಗಲ, 5 ಮೀಟರ್ ಎತ್ತರದ ಮುಖಕ್ಕೆ, ಅಂದರೆ ಕೊರೆಯುತ್ತಿರುವ ತುದಿಯ ಗೋಡೆಗೆ, ಸುಮಾರು 45 ಮಿ.ಮೀ. ದಪ್ಪದ ಐವತ್ತು, ಅರವತ್ತು ತೂತು. ನಡುವೆ ಕೆಲವು ದೊಡ್ಡ ತೂತುಗಳನ್ನು ಮದ್ದಿಲ್ಲದೆ ಖಾಲಿ ಬಿಡುತ್ತಾರೆ, ಒಡೆದ ಕಲ್ಲಿಗೆ ಸರಿಯಲು ಜಾಗ ಬೇಕಲ್ಲ. ಒಂದು ಸಲಕ್ಕೆ ಮೂರ‍್ನಾಲ್ಕು ಮೀಟರ್ ಮುಂದೆ ಹೋಗಬಹುದು.

ಈ ಬಗೆಯ ದೊಡ್ಡ ಗುಣ ಹೊಂದಿಕೊಳ್ಳುವುದು. ತಿರುವು ಬೇಕಾ, ಆಗುತ್ತದೆ. ಇವತ್ತು ಅಗಲ, ನಾಳೆ ಕಿರಿದು, ಆಗುತ್ತದೆ. ಗಟ್ಟಿ ಬಂಡೆ, ಮೆತ್ತನೆ ಬಂಡೆ, ಎರಡಕ್ಕೂ ಆಗುತ್ತದೆ. ಗಣಿಯಲ್ಲಿ ಇನ್ನೊಂದು ಅನುಕೂಲ ಇದೆ, ಅದು ರಸ್ತೆಯ ಸುರಂಗಕ್ಕೆ ಸಿಗುವುದಿಲ್ಲ. ಗಣಿಯಲ್ಲಿ ಒಂದೇ ಸಲಕ್ಕೆ ನಾಲ್ಕೈದು ಮುಖ ತೆರೆದಿರುತ್ತವೆ. ಒಂದರಲ್ಲಿ ಹೊಗೆ ಇಳಿಯುವಾಗ ತೂತು ಕೊರೆಯುವ ಯಂತ್ರವಾದ ಡ್ರಿಲ್ ಜಂಬೋ ಇನ್ನೊಂದರಲ್ಲಿ ಕೊರೆಯುತ್ತಿರುತ್ತದೆ, ಲೋಡರ್ ಮೂರನೆಯದರಲ್ಲಿ ಬಾಚುತ್ತಿರುತ್ತದೆ. ಯಂತ್ರ ಸುಮ್ಮನೆ ಕೂರುವುದಿಲ್ಲ. ಮದ್ದಿನ ಕೆಲಸ ನಿಧಾನ ಅನ್ನುವವರು ಒಂದೇ ಮುಖದ ಲೆಕ್ಕ ಹಿಡಿದಿರುತ್ತಾರೆ.

ಕೊರತೆ ಏನೆಂದರೆ, ಸಿಡಿತ ನಮಗೆ ಬೇಕಾದ ಕಲ್ಲನ್ನಷ್ಟೇ ಒಡೆಯುವುದಿಲ್ಲ. ಉಳಿಯಬೇಕಾದ ಬಂಡೆಗೂ ಬಿರುಕು ಬಿಡಿಸುತ್ತದೆ. ಬೇಕಾದ್ದಕ್ಕಿಂತ ನೂರಕ್ಕೆ ಹತ್ತು ಹದಿನೈದು ಪಾಲು ಜಾಸ್ತಿ ಒಡೆದರೆ ಅಷ್ಟೂ ಕಲ್ಲನ್ನು ಹೊತ್ತು ಹಾಕಬೇಕು, ಅಷ್ಟೂ ಜಾಗಕ್ಕೆ ಶಾಟ್‌ಕ್ರೀಟ್, ಅಂದರೆ ಪೈಪಿನಿಂದ ಗೋಡೆಗೆ ಚಿಮ್ಮಿಸುವ ಕಾಂಕ್ರೀಟ್, ತುಂಬಬೇಕು. ಅಂಚಿನ ತೂತುಗಳನ್ನು ಹತ್ತಿರ ಹತ್ತಿರ ಕೊರೆದು, ಕಡಿಮೆ ಮದ್ದು ತುಂಬಿ, ಕೊನೆಯಲ್ಲಿ ಸಿಡಿಸಿದರೆ ಗೋಡೆ ನಯವಾಗಿ ನಿಲ್ಲುತ್ತದೆ. ಮೂವತ್ತು ವರ್ಷ ಬಾಳಬೇಕಾದ ಡಿಕ್ಲೈನಿನಲ್ಲಿ ಇದರಲ್ಲಿ ರಾಜಿ ಬೇಡ. ಆರು ತಿಂಗಳ ಸುರಂಗಕ್ಕೆ ಅಷ್ಟು ನಾಜೂಕು ಬೇಡ.

ರೋಡ್‌ಹೆಡರ್ ಅಂದರೆ ಉದ್ದ ತೋಳಿನ ತುದಿಯಲ್ಲಿ ಹಲ್ಲಿನ ಉರುಳೆ ತಿರುಗುವ ಯಂತ್ರ. ಮದ್ದು ಬೇಡ, ನಡುಕ ಇಲ್ಲ, ಗೋಡೆ ಕತ್ತರಿಸಿದ ಹಾಗೆ ಬರುತ್ತದೆ. ಕಲ್ಲಿದ್ದಲು, ಉಪ್ಪು, ಪೊಟ್ಯಾಶ್, ಜಿಪ್ಸಮ್, ಮೆತ್ತನೆ ಸುಣ್ಣಕಲ್ಲಿಗೆ ಇದು ಹೇಳಿ ಮಾಡಿಸಿದ್ದು. ಬಂಡೆಯ ಗಟ್ಟಿತನ 100 ಮೆಗಾಪ್ಯಾಸ್ಕಲ್ ದಾಟಿದರೆ ಮಾತ್ರ ಲೆಕ್ಕ ಕೆಡುತ್ತದೆ. ಹೋಲಿಕೆಗೆ ಹೇಳಬೇಕೆಂದರೆ, ಮನೆ ಕಟ್ಟುವ ಕಾಂಕ್ರೀಟಿನದು 25ರಿಂದ 30, ಒಳ್ಳೆಯ ಗ್ರಾನೈಟಿನದು 150ಕ್ಕಿಂತ ಜಾಸ್ತಿ. ಗಟ್ಟಿತನ ಕಡಿಮೆಯಿದ್ದರೂ ಬಂಡೆಯಲ್ಲಿ ಬೆಣಚು ಹೆಚ್ಚಿದ್ದರೆ ಹಲ್ಲುಗಳು ಗಂಟೆಗಂಟೆಗೆ ಸವೆಯುತ್ತವೆ. ಬೆಣಚಿನ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಹಾಗಾಗಿ ನೀರಿನ ಸಿಂಪಡಣೆ, ದೂಳು ಎಳೆಯುವ ಫ್ಯಾನು ಯಂತ್ರದ ಬೆಲೆಯಲ್ಲೇ ಸೇರಿದೆ ಅಂತ ಎಣಿಸಿ.

ಟಿಬಿಎಂ ಅಂದರೆ ಸುರಂಗದ ಇಡೀ ಮುಖವನ್ನು ಒಟ್ಟಿಗೇ ಕೊರೆಯುತ್ತಾ ಸಾಗುವ ದೊಡ್ಡ ಯಂತ್ರ. ಅದರ ಬಗ್ಗೆ ಕೇಳುವವರು ತುಂಬಾ ಜನ. ಮೆಟ್ರೋ ಸುರಂಗ ನೋಡಿ, ಗಣಿಗೆ ಯಾಕಾಗದು ಅನ್ನುತ್ತಾರೆ. ಆಗುತ್ತದೆ, ಆದರೆ ಅದಕ್ಕೆ ತಕ್ಕ ಗಣಿ ಬೇಕು. ಟಿಬಿಎಂ ಕೊರೆಯುವುದು ಗುಂಡಗೆ, ಒಂದೇ ಅಳತೆಗೆ, ಹೆಚ್ಚುಕಡಿಮೆ ನೇರಕ್ಕೆ. ಗಣಿಗೆ ಬೇಕಾದದ್ದು ಸಮತಟ್ಟು ನೆಲ, ಬಿಗಿ ತಿರುವು, ಮೂಲೆಮೂಲೆಗೆ ಕವಲು. ಲಾರಿಯ ಡಿಕ್ಲೈನ್ 20-25 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಟಿಬಿಎಂ ಹಾಗೆ ತಿರುಗುವುದಿಲ್ಲ. ಯಂತ್ರ ತಯಾರಾಗಿ ಬರಲೇ ವರ್ಷದ ಹತ್ತಿರ ಬೇಕು. ಅಷ್ಟರಲ್ಲಿ ಮದ್ದಿನವರು ಒಂದೆರಡು ಕಿ.ಮೀ. ದಾಟಿರುತ್ತಾರೆ.

ಹಾಗಾದರೆ ಎಲ್ಲಿ ಸರಿ? ಅಮೆರಿಕದ ಮೊಂಟಾನಾದ ಸ್ಟಿಲ್‌ವಾಟರ್ ಗಣಿ ಒಳ್ಳೆಯ ಉದಾಹರಣೆ. ಅಲ್ಲಿನ ಪ್ಲಾಟಿನಂ, ಪಲ್ಲಾಡಿಯಂ ಅದಿರಿನ ಪದರ ತೆಳ್ಳಗೆ, ಸುಮಾರು 45 ಕಿ.ಮೀ. ಉದ್ದಕ್ಕೆ ಹರಡಿದೆ. ಅದರ ಜೊತೆಜೊತೆಗೆ ಉದ್ದ ಸುರಂಗ ಬೇಕು. ಟಿಬಿಎಂ ಅಲ್ಲಿ ಮತ್ತೆ ಮತ್ತೆ ಬಂದಿದೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ವುಡ್‌ಸ್ಮಿತ್ ಗಣಿ ಇನ್ನೊಂದು. ಅದಿರನ್ನು ಕಡಲ ತೀರದ ಕಡೆ ನೆಲದಡಿಯ ಬೆಲ್ಟಿನಲ್ಲೇ ಸಾಗಿಸಲು 37 ಕಿ.ಮೀ. ಸುರಂಗದ ಯೋಜನೆ ಹಾಕಿ ಟಿಬಿಎಂ ಇಳಿಸಿದರು. ಎರಡರಲ್ಲೂ ಉದ್ದ ಇದೆ, ನೇರ ಇದೆ, ದೀರ್ಘ ಬಾಳಿಕೆ ಇದೆ. ನಿಮ್ಮ ಸುರಂಗ ಮೂರ‍್ನಾಲ್ಕು ಕಿ.ಮೀ. ದಾಟದಿದ್ದರೆ ಟಿಬಿಎಂ ಮಾತು ಎತ್ತುವುದೇ ಬೇಡ. ದಾಟಿದರೂ, ನಡುವೆ ಜೇಡಿ ತುಂಬಿದ ಸೀಳು ಎಷ್ಟಿದೆ ಅಂತ ಮೊದಲು ನೋಡಿ. ಸೀಳಿನಲ್ಲಿ ಸಿಕ್ಕಿಕೊಂಡ ಟಿಬಿಎಂ ಸುರಂಗದ ಇಡೀ ಬಾಯಿಗೆ ಬಿರಡೆ ಹಾಕಿದ ಹಾಗೆ. ಮುಂದೆ ಹೋಗಿ ಸರಿಮಾಡಲು ಜಾಗವೇ ಇರುವುದಿಲ್ಲ.

ನೆಟ್ಟಗಿನ ತೂತುಗಳು

ಗಾಳಿಗೆ, ಅದಿರು ಬೀಳಿಸಲು, ತಪ್ಪಿಸಿಕೊಳ್ಳಲು ನೆಟ್ಟಗಿನ ದಾರಿಗಳು ಬೇಕು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಳಕ್ಕೆ ಆಗಲೇ ಸುರಂಗ ಮುಟ್ಟಿದ್ದರೆ ರೇಯ್ಸ್ ಬೋರಿಂಗ್ ಮಾಡಿಸಿ. ಮೇಲಿಂದ ಸಣ್ಣ ತೂತು ಕೊರೆದು, ತಳದಲ್ಲಿ ದೊಡ್ಡ ತಲೆ ಸಿಕ್ಕಿಸಿ, ಮೇಲಕ್ಕೆ ಎಳೆಯುತ್ತಾ ಅಗಲ ಮಾಡುತ್ತಾರೆ. ಪುಡಿ ಕೆಳಗೆ ಬೀಳುತ್ತದೆ, ಲೋಡರ್ ಬಾಚುತ್ತದೆ. ಆ ತೂತಿನೊಳಗೆ ಒಬ್ಬ ಮನುಷ್ಯನೂ ನಿಲ್ಲಬೇಕಾಗಿಲ್ಲ.

ಹಳೆಯ ಬಗೆಯಲ್ಲಿ ಗೋಡೆಗೆ ಹಳಿ ಬಿಗಿದು, ಅದರ ಮೇಲೆ ಏರುವ ಅಟ್ಟದ ಮೇಲೆ ನಿಂತು ತಲೆ ಮೇಲಿನ ಬಂಡೆಗೆ ಡ್ರಿಲ್ ಹಿಡಿಯುತ್ತಿದ್ದರು. 1957ರಲ್ಲಿ ಬಂದ ಅಲಿಮಾಕ್ ಏಣಿ ಅದು. ಅದಕ್ಕಿಂತ ಹಿಂದೆ ಮರದ ಅಟ್ಟ ಕಟ್ಟಿ ಏರುತ್ತಿದ್ದರು, ಆ ಕಾಲಕ್ಕೆ ಅಲಿಮಾಕ್ ದೊಡ್ಡ ಉಪಕಾರವೇ. ಮೇಲೆ ಯಂತ್ರ ಕೂರಿಸಲು ಜಾಗವೇ ಇಲ್ಲದ ಕಡೆ ಈಗಲೂ ಅದೇ ಗತಿ. ಇಪ್ಪತ್ತು ಮೂವತ್ತು ಮೀಟರಿನ ಗಿಡ್ಡ ತೂತಿಗೆ ಮೇಲಿಂದಲೇ ಉದ್ದ ತೂತು ಕೊರೆದು, ತಳದಿಂದ ಹಂತಹಂತವಾಗಿ ಸಿಡಿಸಿದರೆ ಸಾಕು. ತಳಕ್ಕೆ ದಾರಿಯೇ ಇಲ್ಲದಿದ್ದರೆ ಮಾತ್ರ ಮೇಲಿಂದ ಅಗೆಯುತ್ತಾ ಇಳಿಯಬೇಕು.

ಅಗಲ, ಎತ್ತರ, ಗಾಳಿ

ಲಾರಿ ನೋಡಿ ಸುರಂಗದ ಅಳತೆ ಇಡುತ್ತಾರೆ. ಅದು ಅರ್ಧ ಸರಿ. ಇನ್ನರ್ಧ ಗಾಳಿಯ ಪೈಪು. ಡೀಸೆಲ್ ಯಂತ್ರದ ಪ್ರತಿ ಕಿಲೋವ್ಯಾಟಿಗೆ ಸೆಕೆಂಡಿಗೆ 0.05ರಿಂದ 0.06 ಘನ ಮೀಟರ್ ಗಾಳಿ ಅನ್ನುವುದು ಗಣಿಗಳಲ್ಲಿ ರೂಢಿಯ ಲೆಕ್ಕ. 400 ಕಿಲೋವ್ಯಾಟಿನ ಲಾರಿ, 250 ಕಿಲೋವ್ಯಾಟಿನ ಲೋಡರ್ ಒಟ್ಟಿಗೆ ಇದ್ದರೆ ಸೆಕೆಂಡಿಗೆ 39 ಘನ ಮೀಟರ್. ಇಷ್ಟು ಗಾಳಿ ಸಾಗಿಸಲು ಆಳೆತ್ತರಕ್ಕೆ ಹತ್ತಿರದ ದಪ್ಪದ ಚೀಲದ ಪೈಪು ತಲೆ ಮೇಲೆ ತೂಗಬೇಕು. ಒಂದು ಸಾಲದಿದ್ದರೆ ಎರಡು. ಲಾರಿಯ ಬಕೆಟ್ಟು ಅದಕ್ಕೆ ತಗುಲಿ ಹರಿಯದ ಹಾಗೆ ಜಾಗ ಬಿಡಬೇಕು. 5 ಮೀಟರ್ ಅಗಲಕ್ಕೆ 5.5 ಮೀಟರ್ ಎತ್ತರ ಅಂತ ನಕ್ಷೆಯಲ್ಲಿ ಕಂಡರೆ, ಆ ಎತ್ತರದಲ್ಲಿ ಒಳ್ಳೆಯ ಪಾಲು ಗಾಳಿಯದ್ದು. ಖರ್ಚು ಉಳಿಸಲು ಎತ್ತರ ಕತ್ತರಿಸುವವರು ಉಸಿರಿಗೇ ಕತ್ತರಿ ಹಾಕುತ್ತಾರೆ.

ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2012ರಲ್ಲಿ ಖಚಿತವಾಗಿ ವರ್ಗೀಕರಿಸಿದೆ. ಹೀಗಾಗಿ ಬ್ಯಾಟರಿಯ ಲೋಡರ್, ಕೇಬಲ್ಲಿನ ಲೋಡರ್ ಹೋಲಿಸುವಾಗ ಯಂತ್ರದ ಬೆಲೆ ಮಾತ್ರ ನೋಡಬೇಡಿ. ಕಡಿಮೆಯಾಗುವ ಫ್ಯಾನಿನ ಕರೆಂಟು, ಚಿಕ್ಕದಾಗುವ ಪೈಪು, ಒಳಗಿರುವವರ ಶ್ವಾಸ, ಎಲ್ಲವನ್ನೂ ಕೂಡಿಸಿ.

ಆಳಕ್ಕೆ ಹೋದರೆ ಬಿಸಿ ಬೇರೆ. ಎಂಪೊನೆಂಗಿನ ತಳದಲ್ಲಿ ಬಂಡೆಯೇ 60 ಡಿಗ್ರಿಗಿಂತ ಬಿಸಿ, ಮಂಜುಗಡ್ಡೆಯ ಕೆಸರನ್ನು ಕೆಳಗೆ ಪಂಪ್ ಮಾಡಿ ತಂಪು ಮಾಡುತ್ತಾರೆ.

ಆಸರೆ

ಆಯಸ್ಸಿನ ಪ್ರಶ್ನೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಇಲ್ಲಿ. ಕ್ಯೂ ಪದ್ಧತಿ ಇದನ್ನು ಲೆಕ್ಕದೊಳಗೇ ತಂದಿದೆ. ಸುರಂಗದ ಅಗಲವನ್ನು ಅದರ ಬಳಕೆಗೆ ತಕ್ಕ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಗಣಿಯ ಕಾಯಂ ಸುರಂಗಕ್ಕೆ ಆ ಸಂಖ್ಯೆ 1.6. ತಾತ್ಕಾಲಿಕ ಸುರಂಗಕ್ಕೆ 3ರಿಂದ 5. ಅಂದರೆ 5 ಮೀಟರ್ ಅಗಲದ ಕಾಯಂ ಡಿಕ್ಲೈನ್ ಲೆಕ್ಕಕ್ಕೆ 3.1 ಮೀಟರ್ ಆಗುತ್ತದೆ. ಅದೇ ಅಗಲದ ತಾತ್ಕಾಲಿಕ ಸುರಂಗ 1.7 ಮೀಟರ್ ಅಥವಾ ಅದಕ್ಕೂ ಕಡಿಮೆ. ಬಂಡೆ ಒಂದೇ, ಅಗಲ ಒಂದೇ, ಬೋಲ್ಟಿನ ಪಟ್ಟಿ ಬೇರೆ.

ಕೊಳವೆಯ ಹಾಗಿರುವ, ಬಿಗಿತದಿಂದಲೇ ಹಿಡಿಯುವ ಸ್ಪ್ಲಿಟ್ ಸೆಟ್ ಬೋಲ್ಟು ಬಡಿದ ಕ್ಷಣದಿಂದ ಕೆಲಸಕ್ಕೆ ಬರುತ್ತದೆ. ಹಾಕುವುದು ಸುಲಭ. ಆದರೆ ಹುಳಿ ನೀರಿರುವ ಗಣಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅದಿರು ತೆಗೆಯುವ ಅಲ್ಪಾಯುಷಿ ಸುರಂಗಗಳಿಗೆ ಇದು ಸಾಕು. ಡಿಕ್ಲೈನಿಗೆ, ಕ್ರಷರ್ ಕೋಣೆಗೆ, ಪಂಪಿನ ಕೋಣೆಗೆ ರೆಸಿನ್ ಅಥವಾ ಸಿಮೆಂಟು ತುಂಬಿ ಹಿಡಿಸಿದ ಗಟ್ಟಿ ಕಂಬಿಯೇ ಬೇಕು. ತುಂಬಿದ ಸಿಮೆಂಟು ಹಿಡಿತವೂ ಹೌದು, ತುಕ್ಕಿಗೆ ಕವಚವೂ ಹೌದು.

10 ಮೀಟರ್ ಅಗಲದ ಸುರಂಗಕ್ಕೆ ಆರ್‌ಎಂಆರ್ ಪಟ್ಟಿ ಏನು ಹೇಳುತ್ತದೆ ನೋಡಿ. ಅಂಕ 61ರಿಂದ 80 ಇದ್ದರೆ ನೆತ್ತಿಯಲ್ಲಿ ಅಲ್ಲಲ್ಲಿ 3 ಮೀಟರ್ ಉದ್ದದ ಬೋಲ್ಟು, 2.5 ಮೀಟರಿಗೊಂದು. 41ರಿಂದ 60 ಆದರೆ 4 ಮೀಟರ್ ಬೋಲ್ಟು, ಒಂದೂವರೆ ಎರಡು ಮೀಟರಿಗೊಂದು, ನೆತ್ತಿಗೆ 50ರಿಂದ 100 ಮಿ.ಮೀ. ಶಾಟ್‌ಕ್ರೀಟ್. 20ಕ್ಕಿಂತ ಕೆಳಗಾದರೆ 0.75 ಮೀಟರಿಗೊಂದು ಉಕ್ಕಿನ ಕಮಾನು. ಗಣಿಯ ಸುರಂಗ ಇದಕ್ಕಿಂತ ಕಿರಿದಾದ್ದರಿಂದ ಪಟ್ಟಿಯನ್ನು ಹಾಗೇ ನಕಲು ಮಾಡಬಾರದು, ಆದರೆ ಅಂಕ ಇಳಿದಂತೆ ಖರ್ಚು ಹೇಗೆ ಜಿಗಿಯುತ್ತದೆ ಅನ್ನುವುದು ಕಾಣುತ್ತದೆ. ದಾರಿಯನ್ನು ಐವತ್ತು ಮೀಟರ್ ಪಕ್ಕಕ್ಕೆ ಸರಿಸಿ ಒಳ್ಳೆಯ ಬಂಡೆಯಲ್ಲಿ ಹೋಗುವುದು ಎಷ್ಟೋ ಸಲ ಅತಿ ಅಗ್ಗದ ಆಸರೆ.

ತುಂಬಾ ಆಳದಲ್ಲಿ ನಿಯಮವೇ ಬೇರೆ. ಅಲ್ಲಿ ಬಂಡೆ ಉದುರುವುದಿಲ್ಲ, ಸಿಡಿಯುತ್ತದೆ. ಕೋಲಾರದ ಗಣಿಗಳು ಈ ಬಂಡೆ ಸಿಡಿತಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದವು. ಗಡುಸಾದ ಆಸರೆ ಅಂಥ ಹೊಡೆತಕ್ಕೆ ಮುರಿಯುತ್ತದೆ. ಹಿಗ್ಗಿ ಕೊಡುವ ಬೋಲ್ಟು, ಗಟ್ಟಿ ಜಾಲರಿ ಬೇಕು.

ನೀರು

ಮುಖದ ಮುಂದೆ ಇಪ್ಪತ್ತು ಮೂವತ್ತು ಮೀಟರ್ ತೂತು ಕೊರೆದು ನೀರಿದೆಯಾ ಅಂತ ನೋಡುತ್ತಾ ಸಾಗುವುದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ನೀರು ನುಗ್ಗಿದರೆ ಹೋಗುವ ಸಮಯ ಇನ್ನೂ ಜಾಸ್ತಿ. ಕೆನಡಾದ ಸಿಗಾರ್ ಲೇಕ್ ಯುರೇನಿಯಂ ಗಣಿ 2006ರ ಅಕ್ಟೋಬರಿನಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಬಂಡೆ ಕುಸಿದು ನೀರು ನುಗ್ಗಿ ಮುಳುಗಿತು. ಅದಿರು ಹೊರಗೆ ಬಂದದ್ದು 2014ರಲ್ಲಿ. ನೀರು ತುಂಬಿದ ನೆಲದಲ್ಲಿ ಮೊದಲೇ ಸಿಮೆಂಟು ಇಂಜೆಕ್ಷನ್ ಕೊಡುವುದೋ, ನೆಲವನ್ನೇ ಹೆಪ್ಪುಗಟ್ಟಿಸುವುದೋ ಅನ್ನುವ ಹೋಲಿಕೆಯನ್ನು ಈ ಏಳೆಂಟು ವರ್ಷದ ಎದುರು ಇಟ್ಟು ನೋಡಿ. ಡಿಕ್ಲೈನಿನಲ್ಲಿ ನೀರೆಲ್ಲ ಕೆಲಸದ ಮುಖದ ಕಡೆಗೇ ಇಳಿಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಪಂಪು ಒಂದಲ್ಲ, ಎರಡು ಇಡಿ.

ಎರಡನೇ ದಾರಿ

ಖರ್ಚಿನ ಪಟ್ಟಿ ಕಡಿಮೆ ಮಾಡಬೇಕಾದಾಗ ಮೊದಲು ಪೆಟ್ಟು ಬೀಳುವುದು ಇದಕ್ಕೇ. ಹಾಗಾಗಿ ಎರಡು ಘಟನೆ ಹೇಳಲೇಬೇಕು.

1862ರ ಜನವರಿ 16. ಇಂಗ್ಲೆಂಡಿನ ಹಾರ್ಟ್ಲಿ ಕಲ್ಲಿದ್ದಲು ಗಣಿಗೆ ಇದ್ದದ್ದು ಒಂದೇ ಶಾಫ್ಟ್. ನೀರೆತ್ತುವ ಎಂಜಿನ್ನಿನ ದೊಡ್ಡ ತೊಲೆ ಮುರಿದು ಅದರೊಳಗೆ ಬಿತ್ತು, ಶಾಫ್ಟ್ ಮುಚ್ಚಿಹೋಯಿತು. 204 ಜನ ತೀರಿಕೊಂಡರು. ಆ ವರ್ಷವೇ ಅಲ್ಲಿ ಕಲ್ಲಿದ್ದಲು ಗಣಿಗೆ ಎರಡು ದಾರಿ ಇರಲೇಬೇಕು ಅಂತ ಕಾನೂನು ಬಂತು.

2010ರ ಆಗಸ್ಟ್ 5. ಚಿಲಿಯ ಸ್ಯಾನ್ ಹೊಸೆ ಗಣಿಗೆ ಲಾರಿಯ ಇಳಿಜಾರು ದಾರಿ ಇತ್ತು. ಬಂಡೆ ಕುಸಿದು ಅದು ಮುಚ್ಚಿತು. ಗಾಳಿಯ ತೂತಿನಿಂದ ಹತ್ತಿ ಬರಲು ಒಳಗಿದ್ದವರು ನೋಡಿದರು. ಏಣಿ ಇರಲಿಲ್ಲ. 33 ಜನ 69 ದಿನ ಸುಮಾರು 700 ಮೀಟರ್ ಆಳದಲ್ಲಿ ಕಾದರು. ಅವರನ್ನು ಎತ್ತಿದ್ದು ಹೊಸದಾಗಿ ಕೊರೆದ ತೂತಿನಿಂದ.

ಅಲ್ಲಿ ತೂತು ಇತ್ತು, ಏಣಿ ಇರಲಿಲ್ಲ. ಹೋಲಿಕೆ ಮಾಡುವಾಗ ಪ್ರತಿ ಆಯ್ಕೆಯ ಬೆಲೆಯೊಳಗೇ ಎರಡನೇ ದಾರಿಯನ್ನೂ ಅದರ ಏಣಿಯನ್ನೂ ಸೇರಿಸಿ. ಸೇರಿಸದೆ ಅಗ್ಗ ಕಾಣುವ ಯೋಜನೆ ಅಗ್ಗದ್ದಲ್ಲ, ಅರ್ಧದ್ದು.

ಕ್ವಾರಿಗೆ ಸುರಂಗ ಯಾಕೆ?

ಕಲ್ಲಿನ ಕ್ವಾರಿ ಅಂದರೆ ಬಯಲು ಕೆಲಸ. ಸುರಂಗ ಬೇಕಾಗುವುದು ಮೂರು ಸಂದರ್ಭದಲ್ಲಿ.

ಒಂದು, ಕ್ವಾರಿ ಗುಡ್ಡದ ತಲೆಯ ಮೇಲಿದ್ದು ಕಾರ್ಖಾನೆ ಕೆಳಗಿದ್ದಾಗ. ಸುತ್ತು ದಾರಿಯಲ್ಲಿ ತುಂಬಿದ ಲಾರಿ ಇಳಿಸುವ ಬದಲು ಕ್ವಾರಿಯ ನಡುವೆ ನೆಟ್ಟಗೆ ತೂತು ಕೊರೆದು ಕಲ್ಲು ಬೀಳಿಸಿ, ತಳದಲ್ಲಿ ಒಡೆದು, ಅಡ್ಡ ಸುರಂಗದ ಬೆಲ್ಟಿನಲ್ಲಿ ಹೊರಗೆ ತರಬಹುದು. ಬೆಲ್ಟು ಇಳಿಮುಖವಾದರೆ ಮೋಟಾರು ಕರೆಂಟು ತಿನ್ನುವ ಬದಲು ಕೊಡುತ್ತದೆ. ಚಿಲಿಯ ಲಾಸ್ ಪೆಲಾಂಬ್ರೆಸ್ ತಾಮ್ರದ ಗಣಿಯಲ್ಲಿ ಸುಮಾರು 12.7 ಕಿ.ಮೀ. ಬೆಲ್ಟು ಸುರಂಗಗಳ ಮೂಲಕ ಹೀಗೆ ಇಳಿಯುತ್ತಾ ವಿದ್ಯುತ್ ಹುಟ್ಟಿಸುತ್ತದೆ. ಇದರ ದೊಡ್ಡ ತಲೆನೋವು ತೂತು ಕಟ್ಟಿಕೊಳ್ಳುವುದು. ಒದ್ದೆ ಜೇಡಿಯ ಕಲ್ಲಾದರೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ, ಬಿಡಿಸುವ ಕೆಲಸ ಜೀವಕ್ಕೆ ಅಪಾಯ. ಒಣ, ಗಟ್ಟಿ ಸುಣ್ಣಕಲ್ಲಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಎರಡು, ಅಲಂಕಾರದ ಕಲ್ಲು. ಇಟಲಿಯ ಕರಾರಾದಲ್ಲಿ ಅಮೃತಶಿಲೆಯನ್ನು ಗುಡ್ಡದ ಒಳಗಿಂದಲೂ ತೆಗೆಯುತ್ತಾರೆ. ಮದ್ದು ಹಾಕಿದರೆ ಕಲ್ಲಿನ ಮೈ ಬಿರಿಯುತ್ತದೆ, ಬೆಲೆ ಹೋಗುತ್ತದೆ. ಹಾಗಾಗಿ ವಜ್ರದ ಮಣಿ ಪೋಣಿಸಿದ ತಂತಿ, ಸರಪಳಿ ಗರಗಸ. ಇಲ್ಲಿ ಸುರಂಗವೇ ಸರಕು. ತೆಗೆದ ಪ್ರತಿ ಹಲಗೆಯೂ ಮಾರಾಟಕ್ಕೆ.

ಮೂರು, ಮೇಲಿನ ಬೇಡದ ಬಂಡೆ ದಪ್ಪವಾಗಿ ಅದನ್ನು ತೆಗೆಯುವ ಖರ್ಚು ಏರಿದಾಗ. ಆಗ ಕೋಣೆ ಕೊರೆದು ನಡುವೆ ಕಲ್ಲಿನ ಕಂಬ ಬಿಡುತ್ತಾರೆ. 15 ಮೀಟರ್ ಕೋಣೆ, 15 ಮೀಟರ್ ಚೌಕದ ಕಂಬ ಬಿಟ್ಟರೆ ನೂರಕ್ಕೆ 75 ಪಾಲು ಕಲ್ಲು ಸಿಗುತ್ತದೆ. ಕಂಬ ಸಣ್ಣ ಮಾಡಿದರೆ ಇನ್ನೂ ಜಾಸ್ತಿ ಸಿಗುತ್ತದಲ್ಲ ಅನ್ನುವ ಆಸೆ ಆಗ ಹುಟ್ಟುತ್ತದೆ. ಕ್ವಾರಿಯಲ್ಲಿ ಆಸೆ ಇನ್ನೊಂದು ರೂಪದಲ್ಲೂ ಬರುತ್ತದೆ. ಕಂಬ ಮುಟ್ಟದೆ ನೆಲವನ್ನು ಮಾತ್ರ ಆಳ ಮಾಡುತ್ತಾರೆ. ಆಗ ಕಂಬದ ಅಗಲ ಅಷ್ಟೇ, ಎತ್ತರ ಎರಡರಷ್ಟು. ಕಲ್ಲಿನ ಗಣಿಗಳಲ್ಲಿ ಕಂಬದ ಅಗಲ ಎತ್ತರದ 0.8 ಪಾಲಿಗಿಂತ ಕಡಿಮೆ ಇರಬಾರದು ಅಂತ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್ ಹೇಳುತ್ತದೆ. 15 ಮೀಟರಿನ ಕಂಬಕ್ಕೆ ಇದರ ಪ್ರಕಾರ ಎತ್ತರ 18.75 ಮೀಟರ್ ದಾಟಬಾರದು.

1960ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿಯ ಕಂಬಗಳು ಒಂದರ ಹಿಂದೆ ಒಂದು ಕುಸಿದು 400ಕ್ಕೂ ಹೆಚ್ಚು ಜನ ಸತ್ತರು. ಒಂದು ಕಂಬ ಬಿದ್ದರೆ ಅದರ ಭಾರ ಪಕ್ಕದ್ದಕ್ಕೆ ಹೋಗುತ್ತದೆ. ಅದೂ ಸೋತರೆ ಮುಂದಿನದಕ್ಕೆ. ಕಂಬದ ಗಟ್ಟಿತನ ಲೆಕ್ಕ ಹಾಕುವ ಸಾಲಮನ್ ಮತ್ತು ಮನ್ರೋ ಸೂತ್ರ ಆ ದುರಂತದ ನಂತರದ ಸಂಶೋಧನೆಯಿಂದ 1967ರಲ್ಲಿ ಬಂತು. ಅದು ಕಲ್ಲಿದ್ದಲಿನ ಸೂತ್ರ, ನಿಮ್ಮ ಸುಣ್ಣಕಲ್ಲಿಗೆ ಹಾಗೇ ಹೊಂದುವುದಿಲ್ಲ. ನಿಮ್ಮ ಕಂಬಗಳಿಗೆ ನಿಮ್ಮದೇ ಅಳತೆ ಬೇಕು. ನಕ್ಷೆಯಲ್ಲಿರುವ ಅಗಲವಲ್ಲ, ಮದ್ದು ಸಿಡಿದ ಮೇಲೆ ನಿಜವಾಗಿ ನಿಂತಿರುವ ಅಗಲ. ಟೇಪು ಹಿಡಿದು, ವರ್ಷಕ್ಕೊಮ್ಮೆಯಾದರೂ, ಪ್ರತಿ ಕಂಬದ ಸುತ್ತ ನಡೆಯಿರಿ.